ಅಲುಗದ ನಕ್ಷತ್ರಗಳು

ಕಾಳಿ ನದಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೊರಟರೆ ಸದಾಶಿವಗಡದ ಗುಡ್ಡ ಹಿಂದೆ ಹಿಂದೆ ಸರಿಯುತ್ತದೆ. 499ರ ಸುಮಾರಿಗೆ ಆರ್ಯಭಟ ಕೊಟ್ಟ ಉದಾಹರಣೆಯೂ ಇದೇ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡ ಹಿಂದೆ ಹೋದಂತೆ ಕಾಣುವ ಹಾಗೆ, ನಿಂತಲ್ಲೇ ನಿಂತ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ. ತಿರುಗುವುದು ಭೂಮಿ! ಆದರೆ ಅವನೂ ಭೂಮಿಯನ್ನು ವಿಶ್ವದ ನಡುವಿನ ಜಾಗದಿಂದ ಕದಲಿಸಲಿಲ್ಲ.

ಸೂರ್ಯನೇ ನಡುವೆ ಅಂತ ಗ್ರೀಸಿನ ಅರಿಸ್ಟಾರ್ಕಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಹೇಳಿದ್ದ. ಹೆಚ್ಚಿನವರು ಒಪ್ಪಲಿಲ್ಲ. ಅವರನ್ನು ದಡ್ಡರು ಅನ್ನಬೇಡಿ, ಅವರ ಆಕ್ಷೇಪದಲ್ಲಿ ತೂಕವಿತ್ತು.

ಕಾರವಾರದ ಕಡಲ ತೀರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮ್ನೆ ನಡೆಯುತ್ತಾ ಕೂರ್ಮಗಡ ದ್ವೀಪವನ್ನು ನೋಡಿ. ಅದರಾಚೆ, ಬಾನಂಚಿನಲ್ಲಿ ನಿಂತ ಹಡಗಿಗೆ ಹೋಲಿಸಿದರೆ ದ್ವೀಪ ಜಾಗ ಬದಲಿಸಿದಂತೆ ಕಾಣುತ್ತದೆ, ಅಲ್ವಾ? ಭೂಮಿ ಸೂರ್ಯನ ಸುತ್ತ ಓಡುವುದೇ ನಿಜವಾದರೆ ಆರು ತಿಂಗಳಲ್ಲಿ ನಾವು ಸುಮಾರು 30 ಕೋಟಿ ಕಿಲೋಮೀಟರ್ ಆಚೆ ಇರುತ್ತೇವೆ, ಹಾಗಿದ್ದರೆ ಹತ್ತಿರದ ನಕ್ಷತ್ರಗಳು ದೂರದವುಗಳ ಎದುರು ಹೀಗೇ ಸರಿಯಬೇಕಲ್ಲ? ಯಾರಿಗೂ ಅದು ಕಾಣಲಿಲ್ಲ.

1543ರಲ್ಲಿ ಕೋಪರ್ನಿಕಸ್ ಸೂರ್ಯನನ್ನು ಮತ್ತೆ ನಡುವಿಗೆ ತಂದ. ಆಮೇಲೆ ಬಂದ ಟೈಕೋ ಬ್ರಾಹೆ, ದೂರದರ್ಶಕ ಇಲ್ಲದ ಕಾಲದಲ್ಲಿ ನಕ್ಷತ್ರ, ಗ್ರಹಗಳ ಜಾಗವನ್ನು ಅವನಷ್ಟು ಚೆನ್ನಾಗಿ ಅಳೆದವರು ಯುರೋಪಿನಲ್ಲಿ ಇರಲಿಲ್ಲ, ಅವನಿಗೂ ನಕ್ಷತ್ರಗಳ ಈ ಸರಿತ ಸಿಗಲಿಲ್ಲ. ಹಾಗಾಗಿ ಅವನು ಭೂಮಿ ಚಲಿಸುತ್ತದೆ ಅನ್ನುವುದನ್ನೇ ಬಿಟ್ಟ. ಕೈಯಲ್ಲಿದ್ದ ಅಳತೆಗೆ ನಿಷ್ಠನಾಗಿ ತಪ್ಪು ಉತ್ತರಕ್ಕೆ ಬಂದ ಅವನ ಬಗ್ಗೆ ನನಗೆ ಜಾಸ್ತಿ ಗೌರವ.

ಕೆಪ್ಲರ್ ಟೈಕೋನ ಅಳತೆಗಳಿಂದಲೇ ಗ್ರಹಗಳ ದಾರಿ ದೀರ್ಘವೃತ್ತ ಎಂದು ಕಂಡುಕೊಂಡ. ಗೆಲಿಲಿಯೋ ದೂರದರ್ಶಕದಲ್ಲಿ ಶುಕ್ರನೂ ಚಂದ್ರನಂತೆ ತೆಳುವಾಗಿ, ದುಂಡಗಾಗಿ ಬದಲಾಗುವುದನ್ನು ನೋಡಿದ. ಶುಕ್ರ ಸೂರ್ಯನನ್ನು ಸುತ್ತಿದರೆ ಮಾತ್ರ ಅದು ಸಾಧ್ಯ. ವಿದ್ವಾಂಸರು ನಿಧಾನಕ್ಕೆ ಸೂರ್ಯನ ಕಡೆ ಬಂದರು, ಆದರೆ ಆ ಹಳೆಯ ಪ್ರಶ್ನೆ ಹಾಗೇ ಉಳಿದಿತ್ತು.

ಉತ್ತರ ಸಿಕ್ಕಿದ್ದು 1838ರಲ್ಲಿ. ಜರ್ಮನಿಯ ಖಗೋಳಜ್ಞ ಬೆಸೆಲ್ ರಾಜಹಂಸ ನಕ್ಷತ್ರಪುಂಜದ ಒಂದು ಮಂಕು ನಕ್ಷತ್ರದ ಸರಿತವನ್ನು ಅಳೆದ. ಎಂಟು ಕಿಲೋಮೀಟರ್ ದೂರದಲ್ಲಿಟ್ಟ ಒಂದು ರೂಪಾಯಿ ನಾಣ್ಯದ ಅಗಲ ಎಷ್ಟು ಕಂಡೀತೋ, ಅಷ್ಟೇ! ಟೈಕೋನ ಅಳತೆಗೆ ಸಿಗುವುದಕ್ಕಿಂತ ಸುಮಾರು ನೂರು ಪಟ್ಟು ಚಿಕ್ಕದು. ನಕ್ಷತ್ರ ದೂರ ಇದ್ದಷ್ಟೂ ಸರಿತ ಚಿಕ್ಕದು, ಆದರೆ ನಕ್ಷತ್ರಗಳು ಅಷ್ಟು ದೂರ ಇದ್ದಾವು ಅಂತ ಟೈಕೋಗೆ ನಂಬಲು ಆಗಿರಲಿಲ್ಲ. ಬೆಸೆಲ್‌ನ ಆ ಮಂಕು ನಕ್ಷತ್ರದ ಬೆಳಕು ನಮ್ಮನ್ನು ಮುಟ್ಟಲು 11 ವರ್ಷಕ್ಕೂ ಜಾಸ್ತಿ ಬೇಕು.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಸಂಜೆಗಳಲ್ಲಿ, ಉತ್ತರಕ್ಕೆ ಮುಖ ಮಾಡಿ ತಲೆ ಎತ್ತಿದರೆ ರಾಜಹಂಸ ಮೇಲೆಯೇ ಇರುತ್ತದೆ. ಬೆಸೆಲ್ ಅಳೆದ ನಕ್ಷತ್ರ ಬರಿಗಣ್ಣಿಗೆ ಸಿಗಬೇಕಾದರೆ ಮಾತ್ರ ಪೇಟೆಯ ದೀಪಗಳಿಂದ ಸ್ವಲ್ಪ ದೂರ ಹೋಗಬೇಕು.