ಸಚಿವರು ಕಡತ ತರಿಸಿಕೊಂಡರೆ ಯೋಜನೆ ನಿಂತಂತೆಯೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಐತಿಹಾಸಿಕ ಕಟ್ಟಡವೊಂದಕ್ಕೆ ಧಕ್ಕೆ ತರುವ ನಿರ್ಮಾಣಕ್ಕೆ ಸ್ಥಳೀಯ ಕೌನ್ಸಿಲ್ ಒಪ್ಪಿಬಿಟ್ಟರೆ, ಸರ್ಕಾರ ಮಧ್ಯಪ್ರವೇಶಿಸಿ ಅದನ್ನು ರದ್ದುಮಾಡಬಹುದಲ್ಲವೇ?

ಉತ್ತರ: ಈ ಪ್ರಶ್ನೆ ಪ್ರತಿ ಸಲವೂ ಬೇರೆ ಊರಿನ ಹೆಸರು ಹೊತ್ತು ಬರುತ್ತದೆ, ಉತ್ತರ ಮಾತ್ರ ಬದಲಾಗುವುದಿಲ್ಲ. ಸರ್ಕಾರ ಮಧ್ಯಪ್ರವೇಶಿಸಬಹುದು, ಆದರೆ ಮಧ್ಯಪ್ರವೇಶವೆಂದರೆ ರದ್ದತಿಯಲ್ಲ. ಕೌನ್ಸಿಲ್ ತೀರ್ಮಾನಿಸಬೇಕಿದ್ದ ಅರ್ಜಿಯನ್ನು ತರಿಸಿಕೊಂಡು ತಾವೇ ತೀರ್ಮಾನಿಸುವ ಅಧಿಕಾರವನ್ನು 1990ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 77ನೆಯ ಕಲಮು ಸಚಿವರಿಗೆ ಕೊಟ್ಟಿದೆ. ಇದನ್ನೇ ಅಲ್ಲಿ ಕಾಲ್-ಇನ್ ಎನ್ನುತ್ತಾರೆ. ಅದಕ್ಕೂ ಕಾಲಮಿತಿಯುಂಟು. ಸಮಿತಿ ಸಭೆಯಲ್ಲಿ ಒಪ್ಪಿದ್ದು ಬೇರೆ, ಅನುಮತಿ ಪತ್ರ ಹೊರಬಿದ್ದದ್ದು ಬೇರೆ. ಪತ್ರ ಹೊರಬಿದ್ದ ಮೇಲೆ ಕಾಲ್-ಇನ್ ಸಾಧ್ಯವಿಲ್ಲ. ಆಮೇಲೂ ಅನುಮತಿ ಹಿಂಪಡೆಯುವ ಅವಕಾಶ ಕಾನೂನಿನಲ್ಲಿದೆಯಾದರೂ, ಪರಿಹಾರ ತೆರಬೇಕಾಗುವುದರಿಂದ ಆ ದಾರಿ ಹಿಡಿಯುವುದು ತೀರ ಅಪರೂಪ.

‘ಸಚಿವರು ಕಡತ ತರಿಸಿಕೊಂಡರಂತೆ, ಇನ್ನೇನು ಯೋಜನೆ ಬಿದ್ದಂತೆಯೇ’ ಎಂಬ ನಂಬಿಕೆಯನ್ನು ಎಷ್ಟು ಸಲ ತಿದ್ದಿದರೂ ಅದು ಮತ್ತೆ ತಲೆಯೆತ್ತುತ್ತದೆ. ಉತ್ತರಪತ್ರಿಕೆಯನ್ನು ಬೇರೊಬ್ಬ ಮೌಲ್ಯಮಾಪಕರಿಗೆ ಕಳುಹಿಸಿದ ಮಾತ್ರಕ್ಕೆ ವಿದ್ಯಾರ್ಥಿ ನಪಾಸಾಗುವುದಿಲ್ಲವಷ್ಟೇ. ಕಾಲ್-ಇನ್ ಪತ್ರವನ್ನು ಒಮ್ಮೆ ಓದಿದವರಿಗೆ ಈ ಗೊಂದಲ ಉಳಿಯಲಾರದು. ಅದರಲ್ಲಿ ಯೋಜನೆ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಒಂದು ಮಾತೂ ಇರುವುದಿಲ್ಲ. ಯಾವ ಯಾವ ವಿಷಯಗಳಲ್ಲಿ ಸಚಿವರು ವಿಶೇಷವಾಗಿ ಮಾಹಿತಿ ಬಯಸುತ್ತಾರೆ ಎಂಬ ಪಟ್ಟಿ ಇರುತ್ತದೆ. ಆ ವಿಷಯಗಳ ಮೇಲೆ ಸಾಮಾನ್ಯವಾಗಿ ಯೋಜನಾ ಅರ್ಜಿಗಳನ್ನು ಪರಿಶೀಲಿಸುವ ಇನ್‌ಸ್ಪೆಕ್ಟರೊಬ್ಬರು ಬಹಿರಂಗ ವಿಚಾರಣೆ ನಡೆಸಿ ವರದಿ ಕೊಡುತ್ತಾರೆ, ಆಮೇಲೆ ಸಚಿವರ ತೀರ್ಮಾನ ಬರುತ್ತದೆ.

ಲಂಡನ್ನಿನ ವೈಟ್‌ಚಾಪೆಲ್ ಗಂಟೆ ಎರಕದ ಕಾರ್ಖಾನೆಯ ಪ್ರಕರಣವನ್ನೇ ನೋಡಿ. 1570ರಿಂದ ತನ್ನ ಚರಿತ್ರೆ ಹೇಳಿಕೊಳ್ಳುತ್ತಿದ್ದ, ಬಿಗ್ ಬೆನ್ ಗಂಟೆಯನ್ನು ಎರಕ ಹೊಯ್ದ ಆ ಸಂಸ್ಥೆ 2017ರಲ್ಲಿ ಅಲ್ಲಿನ ಕೆಲಸ ನಿಲ್ಲಿಸಿತು. ಆ ಜಾಗದಲ್ಲಿ ಹೋಟೆಲ್ ಮಾಡುವ ಯೋಜನೆಗೆ 2019ರಲ್ಲಿ ಕೌನ್ಸಿಲ್ ಸಮಿತಿ ಒಪ್ಪಿತು. 2020ರ ಜನವರಿಯಲ್ಲಿ ಸಚಿವ ರಾಬರ್ಟ್ ಜೆನ್ರಿಕ್ ಕಡತ ತರಿಸಿಕೊಂಡಾಗ ಹೋರಾಟಗಾರರು ಸಂಭ್ರಮಿಸಿದರು. ವಿಚಾರಣೆ ನಡೆದು, 2021ರ ಮೇ ತಿಂಗಳಲ್ಲಿ ಸರ್ಕಾರವೇ ಹೋಟೆಲಿಗೆ ಅನುಮತಿ ಕೊಟ್ಟಿತು.

ಸಚಿವರು ನಿರಾಕರಿಸಿದರೂ ಅದೇ ಕೊನೆಯ ಮಾತೆಂದು ತಿಳಿಯಬೇಡಿ. ಆಕ್ಸ್‌ಫರ್ಡ್ ಸ್ಟ್ರೀಟಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಯನ್ನು ಕೆಡವಿ ಹೊಸದಾಗಿ ಕಟ್ಟುವ ಅರ್ಜಿಗೆ ಅನುಮತಿ ಕೊಡಬಹುದೆಂದು ಇನ್‌ಸ್ಪೆಕ್ಟರ್ ಶಿಫಾರಸು ಮಾಡಿದ್ದರೂ ಸಚಿವ ಮೈಕಲ್ ಗೋವ್ 2023ರ ಜುಲೈನಲ್ಲಿ ತಿರಸ್ಕರಿಸಿದರು. 2024ರ ಮಾರ್ಚ್‌ನಲ್ಲಿ ಹೈಕೋರ್ಟ್ ಆ ತಿರಸ್ಕಾರವನ್ನೇ ರದ್ದುಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಅಷ್ಟರಲ್ಲಿ ಬದಲಾಗಿದ್ದ ಸರ್ಕಾರದ ಸಚಿವೆ ಏಂಜೆಲಾ ರೇನರ್ ಅನುಮತಿ ನೀಡಿದರು.

ಇಷ್ಟಕ್ಕೂ ಕಾಲ್-ಇನ್ ಸಿಗುವುದೇ ಕಷ್ಟ. ಸ್ಥಳೀಯ ವಿಷಯಗಳನ್ನು ಸ್ಥಳೀಯರೇ ತೀರ್ಮಾನಿಸಲಿ ಎಂಬುದು ಸರ್ಕಾರದ ಘೋಷಿತ ನೀತಿ. ವಿಶ್ವ ಪರಂಪರೆಯ ತಾಣಕ್ಕೆ ಹಾನಿಯಾಗುತ್ತದೆಂದು ಸರ್ಕಾರದ ಪರಂಪರೆ ಸಂರಕ್ಷಣಾ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ಆಕ್ಷೇಪಿಸಿದ ಮೇಲೂ ಕೌನ್ಸಿಲ್ ಒಪ್ಪುವುದಾದರೆ ಸಚಿವರಿಗೆ ತಿಳಿಸಿ 21 ದಿನ ಕಾಯಬೇಕು, ಅಷ್ಟೇ. ಆ ಸಂಸ್ಥೆ ಸಲಹೆಗಾರ, ತಡೆಯಾಜ್ಞೆ ಕೊಡುವ ನ್ಯಾಯಾಲಯವಲ್ಲ. ಲಿವರ್‌ಪೂಲಿನ ಬ್ರಾಮ್ಲಿ-ಮೂರ್ ಡಾಕ್‌ನಲ್ಲಿ ಎವರ್ಟನ್ ಫುಟ್‌ಬಾಲ್ ಕ್ರೀಡಾಂಗಣಕ್ಕೆ 2021ರಲ್ಲಿ ಕೌನ್ಸಿಲ್ ಒಪ್ಪಿದಾಗ ಹಿಸ್ಟಾರಿಕ್ ಇಂಗ್ಲೆಂಡಿನ ಆಕ್ಷೇಪವಿತ್ತು. ಸರ್ಕಾರ ಕಡತ ತರಿಸಿಕೊಳ್ಳಲಿಲ್ಲ. ಅದೇ ಜುಲೈನಲ್ಲಿ ಯುನೆಸ್ಕೊ ಲಿವರ್‌ಪೂಲನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ಕೈಬಿಟ್ಟಿತು. ಕಾರಣ ಕ್ರೀಡಾಂಗಣವೊಂದೇ ಅಲ್ಲ. ಜಲತೀರದ ಬೃಹತ್ ಯೋಜನೆಯಿಂದಾಗಿ ನಗರ 2012ರಿಂದಲೇ ಅಪಾಯದ ಪಟ್ಟಿಯಲ್ಲಿತ್ತು. ಪಟ್ಟಿಯಿಂದ ಹೊರಬಿದ್ದರೂ ಕ್ರೀಡಾಂಗಣದ ಅನುಮತಿಗೆ ಏನೂ ಆಗಲಿಲ್ಲ, ಏಕೆಂದರೆ ಯುನೆಸ್ಕೊಗೆ ಇಂಗ್ಲೆಂಡಿನ ಕಟ್ಟಡ ಅನುಮತಿಗಳ ಮೇಲೆ ಯಾವ ಅಧಿಕಾರವೂ ಇಲ್ಲ.

ಯಾರೂ ನೇರವಾಗಿ ಕೇಳದಿದ್ದರೂ ಹೇಳಲೇಬೇಕಾದದ್ದೊಂದಿದೆ: ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಶಿಲಾವೃತ್ತದ ಬಳಿಯ ಸುರಂಗ ರಸ್ತೆಯ ಯೋಜನೆಯನ್ನು ಈ ಸಾಲಿಗೆ ಸೇರಿಸಬೇಡಿ. ಅದು ಕೌನ್ಸಿಲ್ ಮುಂದೆ ಬರುವ ಅರ್ಜಿಯೇ ಆಗಿರಲಿಲ್ಲ. ರಾಷ್ಟ್ರೀಯ ಮಹತ್ವದ ಮೂಲಸೌಕರ್ಯಗಳಿಗೆಂದೇ ಇರುವ 2008ರ ಯೋಜನಾ ಕಾಯ್ದೆಯಡಿ ಅದರ ತೀರ್ಮಾನ ಮೊದಲಿನಿಂದಲೂ ಸಾರಿಗೆ ಸಚಿವರದೇ ಆಗಿತ್ತು. ಪರಿಶೀಲಕರು ಬೇಡವೆಂದರೂ 2020ರಲ್ಲಿ ಅನುಮತಿ ಬಂತು, 2021ರಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು, 2023ರಲ್ಲಿ ಸರ್ಕಾರ ಮತ್ತೆ ಅನುಮತಿ ಕೊಟ್ಟಿತು. ಕಡೆಗೆ ಯೋಜನೆ ನಿಂತದ್ದು ಪರಂಪರೆಯ ಕಾರಣಕ್ಕಲ್ಲ: 2024ರ ಜುಲೈನಲ್ಲಿ ಹೊಸ ಸರ್ಕಾರ ಹಣವಿಲ್ಲವೆಂದು ಅದನ್ನು ಕೈಬಿಟ್ಟಿತು.