ದಿನಾ ಕುಡಿಯುವವರಿಗೆ ಅರಿವಳಿಕೆ ಹತ್ತುವುದಿಲ್ಲವಾ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಮುಂದಿನ ವಾರ ಹರ್ನಿಯಾ ಆಪರೇಷನ್ ಇದೆ. ತುಂಬಾ ವರ್ಷಗಳಿಂದ ದಿನಾ ರಾತ್ರಿ ಒಂದು ಕ್ವಾರ್ಟರ್ ವಿಸ್ಕಿ ಕುಡಿಯುತ್ತಾರೆ. ಕುಡಿಯುವವರಿಗೆ ಮತ್ತಿನ ಇಂಜೆಕ್ಷನ್ ಹತ್ತುವುದಿಲ್ಲ ಅಂತಾರೆ, ನಿಜವಾ? ಡಾಕ್ಟರಿಗೆ ಹೇಳಲೇಬೇಕಾ? ಅಮ್ಮ ಬೇಡ ಅಂತಿದ್ದಾರೆ.

ಉತ್ತರ: ಹತ್ತುತ್ತದೆ, ಆ ಭಯ ಬೇಡ. ಆದರೆ ಡಾಕ್ಟರಿಗೆ ಹೇಳಲೇಬೇಕು. ಯಾಕೆ ಅಂತ ಗೊತ್ತಾದರೆ ಅಮ್ಮನೂ ಒಪ್ಪುತ್ತಾರೆ.

ನಮ್ಮ ಮಿದುಳಿನಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ನರಕೋಶಗಳನ್ನು ಚುರುಕು ಮಾಡುತ್ತದೆ. ಗಾಬಾ ಎಂಬ ಇನ್ನೊಂದು ಅವನ್ನು ಶಾಂತ ಮಾಡುತ್ತದೆ. ಇವೆರಡರದ್ದು ಸದಾ ಹಗ್ಗಜಗ್ಗಾಟ. ಎರಡೂ ಕಡೆ ಸಮಬಲ ಇದ್ದರೆ ನಾವು ನೆಟ್ಟಗಿರುತ್ತೇವೆ. ಮದ್ಯ ಒಳಗೆ ಹೋದ ಕೂಡಲೇ ಗಾಬಾ ಕಡೆ ಸೇರಿಕೊಂಡು ಎಳೆಯುತ್ತದೆ, ಗ್ಲುಟಮೇಟ್ ಕಡೆಯವರ ಹಿಡಿತ ಸಡಿಲ ಮಾಡುತ್ತದೆ. ಮೊದಲು ಸಂಕೋಚ ಹೋಗುತ್ತದೆ. ಆಮೇಲೆ ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ. ತೀರಾ ಜಾಸ್ತಿಯಾದರೆ ಎಚ್ಚರ ತಪ್ಪುತ್ತದೆ.

ಆಪರೇಷನ್‌ಗೆ ಮತ್ತು ಬರಿಸುವ ಔಷಧಿಗಳೂ ಹೆಚ್ಚುಕಡಿಮೆ ಇಲ್ಲೇ ಕೆಲಸ ಮಾಡುತ್ತವೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಇಂಜೆಕ್ಷನ್, ಮಾಸ್ಕಿನಲ್ಲಿ ಕೊಡುವ ಸೆವೊಫ್ಲೂರೇನ್, ಎರಡೂ ಗಾಬಾಗೆ ಬಲ ಕೊಡುತ್ತವೆ. ಕೆಟಮಿನ್ ಗ್ಲುಟಮೇಟ್ ಕಡೆಯನ್ನು ತಡೆಯುತ್ತದೆ. ಹಾಗಿದ್ದರೆ ಮದ್ಯವನ್ನೇ ಅರಿವಳಿಕೆಯಾಗಿ ಕೊಡಬಹುದಲ್ವಾ ಅಂತ ಅನ್ನಿಸಬಹುದು. ಹಿಂದೆ ಕೊಡುತ್ತಿದ್ದರು ಕೂಡ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಎಲ್ಲರೆದುರು ಈಥರ್ ಎಂಬ ಅರಿವಳಿಕೆ ಕೊಟ್ಟು ತೋರಿಸಿದರು. ಅದಕ್ಕೂ ಮೊದಲು ರೋಗಿಗೆ ಮದ್ಯ ಕುಡಿಸಿ, ನಾಲ್ಕು ಜನ ಹಿಡಿದುಕೊಂಡು ಕಾಲು ಕತ್ತರಿಸುವುದು ಮಾಮೂಲಿಯಾಗಿತ್ತು. ಮದ್ಯದ ತೊಂದರೆ ಏನೆಂದರೆ, ನೋವು ಗೊತ್ತಾಗದಷ್ಟು ಎಚ್ಚರ ತಪ್ಪಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ನಡುವೆ ಹೆಚ್ಚು ಅಂತರವೇ ಇಲ್ಲ.

ಈಗ ನಿಮ್ಮ ತಂದೆಯ ವಿಷಯಕ್ಕೆ ಬರೋಣ. ವರ್ಷಗಟ್ಟಲೆ ದಿನಾ ಮದ್ಯ ಬಂದು ಗಾಬಾ ಕಡೆ ಎಳೆಯುತ್ತಿದ್ದರೆ ಮಿದುಳು ಸುಮ್ನೆ ಕೂರುವುದಿಲ್ಲ. ಗಾಬಾಗೆ ಸ್ಪಂದಿಸುವುದನ್ನು ಕಡಿಮೆ ಮಾಡಿಕೊಂಡು, ಗ್ಲುಟಮೇಟ್ ಕಡೆಗೆ ಜನ ಸೇರಿಸಿಕೊಳ್ಳುತ್ತದೆ. ಆದ್ದರಿಂದಲೇ ಇಂಥವರಿಗೆ ಮತ್ತು ಬರಲು ಔಷಧಿ ಸ್ವಲ್ಪ ಜಾಸ್ತಿ ಬೇಕಾಗಬಹುದು. ‘ಹತ್ತುವುದಿಲ್ಲ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಅರಿವಳಿಕೆ ತಜ್ಞರು ಆಪರೇಷನ್ ಮುಗಿಯುವವರೆಗೂ ಪಕ್ಕದಲ್ಲೇ ಇದ್ದು ನಾಡಿ, ಬಿಪಿ, ಉಸಿರಾಟ ನೋಡುತ್ತಾ ಡೋಸ್ ಸರಿಮಾಡುತ್ತಾರೆ. ಮೊದಲೇ ಗೊತ್ತಿದ್ದರೆ ಅದಕ್ಕೆ ತಯಾರಾಗಿಯೇ ಬರುತ್ತಾರೆ.

ಹಿಂದಿನ ರಾತ್ರಿ ಕುಡಿದು ಬಂದರೆ ಕತೆ ಉಲ್ಟಾ. ಒಂದು ಕ್ವಾರ್ಟರ್, ಅಂದರೆ 180 ಎಂಎಲ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ದೇಹ ಗಂಟೆಗೆ ಕರಗಿಸುವುದು ಸಾಮಾನ್ಯವಾಗಿ 7ರಿಂದ 10 ಗ್ರಾಂ. ಲೆಕ್ಕ ಹಾಕಿ, ರಾತ್ರಿ ಹನ್ನೊಂದಕ್ಕೆ ಕುಡಿದದ್ದು ಬೆಳಿಗ್ಗೆ ಏಳಕ್ಕೂ ರಕ್ತದಲ್ಲಿ ಉಳಿದಿರಬಹುದು. ಅದರ ಮೇಲೆ ಮತ್ತಿನ ಔಷಧಿ ಬಿದ್ದರೆ ಎರಡೂ ಒಂದೇ ಕಡೆ ಎಳೆಯುತ್ತವೆ. ಉಸಿರಾಟ ಕುಗ್ಗಬಹುದು, ಬಿಪಿ ಇಳಿಯಬಹುದು. ಹೊಟ್ಟೆಯಲ್ಲಿರುವುದು ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ.

ಹರ್ನಿಯಾಗೆ ಬಹಳ ಸಲ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ. ಅದು ಕೆಲಸ ಮಾಡುವುದು ಬೆನ್ನುಹುರಿಯ ಹತ್ತಿರದ ನರಗಳ ಮೇಲೆ, ಗಾಬಾಗೆ ಸಂಬಂಧವಿಲ್ಲ. ಆದರೆ ಕುಡಿತದಿಂದ ಲಿವರ್ ಕೆಟ್ಟಿದ್ದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಪ್ಲೇಟ್‌ಲೆಟ್ ಕೂಡ ಕಡಿಮೆ ಇರಬಹುದು. ಆಗ ಬೆನ್ನಿಗೆ ಸೂಜಿ ಹಾಕುವುದೇ ಸುರಕ್ಷಿತವಲ್ಲ. ರಕ್ತ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು.

ನನಗೆ ಎಲ್ಲಕ್ಕಿಂತ ಚಿಂತೆ ಇರುವುದು ಆಪರೇಷನ್ ಆದ ಮೇಲಿನ ದಿನಗಳ ಬಗ್ಗೆ. ಆಸ್ಪತ್ರೆಗೆ ಸೇರಿದ ಕೂಡಲೇ ಕುಡಿತ ನಿಂತುಹೋಗುತ್ತದೆ. ಹಗ್ಗ ಎಳೆಯುತ್ತಿದ್ದ ಒಂದು ಕಡೆಯವರು ಥಟ್ಟನೆ ಕೈಬಿಟ್ಟಂತೆ. ಮಿದುಳು ಇನ್ನೊಂದು ಕಡೆಗೆ ಬೀಳುತ್ತದೆ. ಕೊನೆಯ ಪೆಗ್ ಆಗಿ ಆರೇಳು ಗಂಟೆಗೇ ಕೈ ನಡುಗುವುದು, ಬೆವರುವುದು, ಎದೆ ಬಡಿದುಕೊಳ್ಳುವುದು ಶುರುವಾಗಬಹುದು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಆಗುತ್ತದೆ. ದಿಕ್ಕು ತೋಚದೆ ಕಿರುಚುತ್ತಾರೆ, ಇಲ್ಲದ ಹುಳಹುಪ್ಪಟೆ ಕಾಣುತ್ತವೆ, ಡ್ರಿಪ್ ಕಿತ್ತು ಎದ್ದು ಓಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಕುಡಿತದ ವಿಷಯ ಮುಚ್ಚಿಟ್ಟಿದ್ದರೆ ‘ಮತ್ತು ಇನ್ನೂ ಇಳಿದಿಲ್ಲ’ ಅಂತಲೋ ‘ಜ್ವರ ತಲೆಗೇರಿದೆ’ ಅಂತಲೋ ಅಂದುಕೊಂಡು ಹೊತ್ತು ಕಳೆದುಹೋಗುತ್ತದೆ. ಗೊತ್ತಿದ್ದರೆ ಡಾಕ್ಟರು ಮೊದಲೇ ಲೊರಾಜೆಪಾಮ್‌ನಂಥ ಔಷಧಿ, ಬಿ1 ವಿಟಮಿನ್ ಕೊಟ್ಟು ಇದನ್ನು ಬಹುಮಟ್ಟಿಗೆ ತಡೆಯಬಲ್ಲರು.

ಇದೇ ಕಾರಣಕ್ಕೆ, ‘ಇವತ್ತಿಂದಲೇ ಬಿಡಿಸಿಬಿಡೋಣ’ ಅಂತ ಮನೆಯಲ್ಲೇ ಬಾಟಲಿ ಬಚ್ಚಿಡಬೇಡಿ. ಒಂದು ವಾರ ಸಮಯ ಇದೆ, ನಾಳೆಯೇ ಸರ್ಜನ್ ಹತ್ತಿರ ಮಾತಾಡಿ. ಹರ್ನಿಯಾ ತುರ್ತಿನದಲ್ಲದಿದ್ದರೆ ಆಪರೇಷನ್ ಮುಂದೂಡಿ, ಡಾಕ್ಟರ ಸಹಾಯದಿಂದ ನಾಲ್ಕು ವಾರ ಮೊದಲೇ ಕುಡಿತ ನಿಲ್ಲಿಸುವುದು ತುಂಬಾ ಒಳ್ಳೆಯದು. ಗಾಯಕ್ಕೆ ಸೋಂಕು, ರಕ್ತಸ್ರಾವದಂಥ ತೊಂದರೆಗಳು ಕಡಿಮೆಯಾಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು, ದುಡ್ಡು ಕೊಡಬೇಕಿಲ್ಲ.

ಅಮ್ಮನಿಗೆ ಮರ್ಯಾದೆಯ ಚಿಂತೆ ಇರುವುದು ಸಹಜ. ವಾರ್ಡಿನಲ್ಲಿ ಎಲ್ಲರ ಮುಂದೆ ಹೇಳಬೇಕಿಲ್ಲ. ಅರಿವಳಿಕೆ ತಜ್ಞರು ಆಪರೇಷನ್‌ಗೆ ಮೊದಲು ಬಂದು ಮಾತಾಡಿಸುತ್ತಾರೆ. ತಂದೆ ಹೇಳಲು ಹಿಂಜರಿದರೆ ನೀವೇ ಹೊರಗೆ ಹೋಗಿ ಅವರ ಹತ್ತಿರ ಮೂರು ವಿಷಯ ಹೇಳಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ. ‘ಸ್ವಲ್ಪ ತಗೊಳ್ತಾರೆ’ ಅನ್ನಬೇಡಿ. ಕ್ವಾರ್ಟರ್ ಅಂದರೆ ಕ್ವಾರ್ಟರ್ ಅಂತಲೇ ಹೇಳಿ.