‘ಅನ್ನು’ ಯಾರಿಗೆ ಅಂಟಿದೆ? ಕ್ರೈಸ್ತ ಬೋಧನೆ, ಸಲಿಂಗಕಾಮ ಮತ್ತು ದ್ವೇಷದ ಗೆರೆ: ಓದಿನ ಟಿಪ್ಪಣಿ

ಶನಿವಾರ ಇಂಟರ್ನಲ್ ಪರೀಕ್ಷೆ. ನಿನ್ನೆ ರಾತ್ರಿ ಹನ್ನೊಂದೂವರೆವರೆಗೆ ಕೂತು ಈ ಭಾಗವನ್ನು ತಲೆಗೆ ಹತ್ತಿಸಿಕೊಂಡೆ. ಈಗಲೇ ಬರೆದಿಡದಿದ್ದರೆ ಮತ್ತೆ ಗೋಜಲಾಗುತ್ತದೆ. ಕಾನೂನು ಓದುವ ಬೇರೆಯವರಿಗೂ ಉಪಯೋಗ ಆದೀತು ಅಂತ ಇಲ್ಲಿ ಹಾಕುತ್ತಿದ್ದೇನೆ.

ವಿಷಯ ಇದು. ಸಂವಿಧಾನದ 19ನೇ ವಿಧಿಯಲ್ಲಿ ಮಾತಿನ ಸ್ವಾತಂತ್ರ್ಯ ಇದೆ. 25ನೇ ವಿಧಿಯಲ್ಲಿ ಧರ್ಮ ಪಾಲಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಇದೆ. 14, 15, 21ರಲ್ಲಿ ಸಮಾನತೆ ಮತ್ತು ಘನತೆಯ ಬದುಕು ಇದೆ. ಒಬ್ಬ ಕ್ರೈಸ್ತ ಬೋಧಕರು ‘ಸಲಿಂಗಕಾಮ ಪಾಪ’ ಅಂದರೆ ಅದು ಭಿನ್ನಾಭಿಪ್ರಾಯವೋ, ದ್ವೇಷವೋ?

ನಾನು ಕಾರವಾರದವಳು. ಕ್ಯಾಥೊಲಿಕ್ ಮನೆ, ಮನೆಮಾತು ಕೊಂಕಣಿ, ಭಾನುವಾರ ಇಗರ್ಜಿ (ಚರ್ಚು) ತಪ್ಪಿಸಿದವಳಲ್ಲ. ಮಾವ್ಶಿಯ (ಅಮ್ಮನ ಸೋದರಿಯ) ಮಗ, ನನಗೆ ಅಣ್ಣ ಆಗಬೇಕು, ಎರಡು ವರ್ಷದ ಹಿಂದೆ ತಾನು ಸಲಿಂಗಿ ಅಂತ ಮನೆಯಲ್ಲಿ ಹೇಳಿದ. ಆಮೇಲೆ ಒಂದು ಪ್ರಾರ್ಥನಾ ಕೂಟದಲ್ಲಿ, ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ‘ಇಂಥವರು ಇದ್ದರೆ ಮನೆಗೇ ಶಾಪ’ ಅಂದರು. ಅಣ್ಣ ಮೂರನೇ ಸಾಲಿನಲ್ಲಿ ಕೂತಿದ್ದ. ಈಗ ಅವನು ಮಡಗಾಂವ್‌ನಲ್ಲಿದ್ದಾನೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಹಾಗಾಗಿ ಈ ಪಾಠ ನನಗೆ ಬರೀ ಅಂಕಕ್ಕಲ್ಲ.

ಬೈಬಲ್ ವಚನಗಳು, ಚುಟುಕಾಗಿ

ವಾದ ಎಲ್ಲ ಸುತ್ತುವುದು ಆರು ಜಾಗಗಳ ಸುತ್ತ: ಆದಿಕಾಂಡ 19ರ, ದೇವರು ನಾಶ ಮಾಡಿದ ಸೊದೋಮ್ ಊರಿನ ಕಥೆ, ಯಾಜಕಕಾಂಡ 18:22 ಮತ್ತು 20:13, ರೋಮ 1:26-27, 1 ಕೊರಿಂಥ 6:9, 1 ತಿಮೊಥೆ 1:10. ಎರಡು ಸಂಗತಿ ನೆನಪಿಟ್ಟರೆ ಸಾಕು. ಸೊದೋಮಿನ ದೋಷ ಏನು ಅಂದರೆ ಸೊಕ್ಕು, ಹೊಟ್ಟೆ ತುಂಬಿದ ನೆಮ್ಮದಿ, ಬಡವರಿಗೆ ಕೈ ಚಾಚದೆ ಇದ್ದದ್ದು ಅಂತ ಯೆಹೆಜ್ಕೇಲ 16:49 ಹೇಳುತ್ತದೆ. ಮುಂದಿನ ವಚನದಲ್ಲೇ ‘ಅಸಹ್ಯ’ ಅನ್ನುವ ಮಾತೂ ಬರುವುದರಿಂದ ಎರಡೂ ಕಡೆಯವರು ಇದನ್ನೇ ಎತ್ತುತ್ತಾರೆ. ಇನ್ನೊಂದು, ಹೊಸ ಒಡಂಬಡಿಕೆಯ ಪತ್ರಗಳಲ್ಲಿ ಪೌಲ ಬಳಸಿದ ‘ಅರ್ಸೆನೊಕೊಯ್ಟಾಯ್’ ಅನ್ನುವ ಗ್ರೀಕ್ ಪದ. ಗಂಡು, ಹಾಸಿಗೆ ಅನ್ನುವ ಎರಡು ಪದ ಸೇರಿ ಆದದ್ದು. ಪೌಲನಿಗಿಂತ ಹಿಂದಿನ ಬರಹಗಳಲ್ಲಿ ಅದು ಸಿಕ್ಕಿಲ್ಲ, ಅದಕ್ಕೇ ಅರ್ಥದ ಬಗ್ಗೆ ಪಂಡಿತರ ಜಗಳ ಮುಗಿದಿಲ್ಲ. ಇದಕ್ಕಿಂತ ಜಾಸ್ತಿ ನಮ್ಮ ಪತ್ರಿಕೆಗೆ ಬೇಡ.

ನಾನು ಎಡವಿದ್ದು ಇಲ್ಲಿ: ಒಂದೇ ಪದ, ಮೂರು ಸಂಗತಿ

ಎರಡು ದಿನ ನನಗೆ ಏನೂ ಹೊಳೆಯಲಿಲ್ಲ. ಕ್ಯಾಥೊಲಿಕ್ ಧರ್ಮಸಭೆ ಒಂದು ಕಡೆ ಇದು ತಪ್ಪು ಅನ್ನುತ್ತದೆ, ಇನ್ನೊಂದು ಕಡೆ ಗೌರವ ಕೊಡಿ ಅನ್ನುತ್ತದೆ. ಇದು ಎರಡು ನಾಲಿಗೆಯ ಮಾತಲ್ವಾ ಅಂತ ಅನಿಸುತ್ತಿತ್ತು. ಕೊನೆಗೆ ಗೊತ್ತಾಯಿತು, ನಾನು ಕನ್ನಡದ ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೆ.

‘ಸಲಿಂಗಕಾಮ’ ಅಂದಾಗ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ಹೇಳುತ್ತೇವೆ. ಒಂದು ಒಲವು, ಅಂದರೆ ಮನಸ್ಸು ಯಾರ ಕಡೆ ವಾಲುತ್ತದೆ ಅನ್ನುವುದು. ಎರಡು ಕ್ರಿಯೆ. ಮೂರು ಆ ವ್ಯಕ್ತಿ. ಪದದ ಬಾಲದಲ್ಲೇ ‘ಕಾಮ’ ಇರುವುದರಿಂದ, ಇಪ್ಪತ್ತು ವರ್ಷದ ಹುಡುಗನೊಬ್ಬ ಯಾರ ಕೈಯನ್ನೂ ಹಿಡಿಯದೆ ‘ನನಗೆ ಹುಡುಗರ ಮೇಲೆ ಪ್ರೀತಿ ಹುಟ್ಟುತ್ತದೆ’ ಅಂತ ಅಮ್ಮನ ಹತ್ತಿರ ಹೇಳಿದರೂ ಅಮ್ಮನ ಕಣ್ಣ ಮುಂದೆ ಬರುವುದು ಕ್ರಿಯೆ. ಅಣ್ಣನ ಮನೆಯಲ್ಲಿ ಆದದ್ದು ಇದೇ. ಅವನು ಒಲವಿನ ಮಾತಾಡುತ್ತಿದ್ದ, ಮನೆಯವರು ಕ್ರಿಯೆಯ ಮಾತು ಕೇಳಿಸಿಕೊಂಡರು.

ಈ ಮೂರನ್ನು ಬಿಡಿಸಿಟ್ಟುಕೊಂಡು 1992ರ ಕ್ಯಾಟಕಿಸಂ, ಅಂದರೆ ಧರ್ಮಸಭೆಯ ಅಧಿಕೃತ ಬೋಧನೆಯ ಪುಸ್ತಕ, ಓದಿ. ಪರಿಚ್ಛೇದ 2357 ಕ್ರಿಯೆಯ ಬಗ್ಗೆ. ಅದು ಸ್ವಭಾವತಃ ಕ್ರಮ ತಪ್ಪಿದ್ದು, ಯಾವ ಸಂದರ್ಭದಲ್ಲೂ ಒಪ್ಪಲಾಗದು ಅನ್ನುತ್ತದೆ. 2358 ವ್ಯಕ್ತಿಯ ಬಗ್ಗೆ. ಅವರನ್ನು ಗೌರವದಿಂದ, ಕರುಣೆಯಿಂದ, ಸೂಕ್ಷ್ಮವಾಗಿ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು ಅನ್ನುತ್ತದೆ. 2359 ಅವರನ್ನು ಬ್ರಹ್ಮಚರ್ಯಕ್ಕೆ ಕರೆಯುತ್ತದೆ. ಹಾಗಾದರೆ ಒಲವು? ಒಲವೇ ಪಾಪ ಅಂತ ಬೋಧನೆ ಹೇಳುವುದಿಲ್ಲ. 1986ರಲ್ಲಿ, ಮುಂದೆ ಪೋಪ್ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್‌ಸಿಂಗರ್ ಸಹಿ ಹಾಕಿದ ವ್ಯಾಟಿಕನ್ನಿನ ಪತ್ರದಲ್ಲೇ ಇದು ಸ್ಪಷ್ಟ ಇದೆ. ಅದೇ ಪತ್ರ, ಸಲಿಂಗಿಗಳ ಮೇಲೆ ಮಾತಿನಿಂದಾಗಲಿ ಕೈಯಿಂದಾಗಲಿ ನಡೆಯುವ ಹಿಂಸೆಯನ್ನು ಖಂಡಿಸುತ್ತದೆ. ಆದರೆ 1997ರ ಪರಿಷ್ಕೃತ ಕ್ಯಾಟಕಿಸಂನಲ್ಲಿ ಒಲವಿಗೂ ‘ಕ್ರಮ ತಪ್ಪಿದ್ದು’ ಅನ್ನುವ ವಿಶೇಷಣ ಸೇರಿತು.

ನಮ್ಮ ಓದಿನ ಗುಂಪಿನಲ್ಲಿ ಶಿರಸಿಯ ಗೆಳತಿಯೊಬ್ಬಳಿದ್ದಾಳೆ. ಅವಳು ತಕ್ಷಣ ಕೇಳಿದಳು, ‘ಪಾಪ ಅಲ್ಲ ಅಂದ್ಮೇಲೆ ಅದಕ್ಕೆ ಆ ಹೆಸರು ಎಂತಕ್ಕೆ ಮಾರಾಯ್ತಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಡಿತದ ಚಟಕ್ಕೆ ಹೋಲಿಸಿ ಸಮಜಾಯಿಷಿ ಕೊಡುವವರನ್ನು ಕೇಳಿದ್ದೇನೆ, ಚಟ ಬಂದರೂ ಕುಡಿಯಬಾರದು ಅಷ್ಟೇ ಅಂತ. ಆ ಹೋಲಿಕೆ ಕೂರುವುದಿಲ್ಲ. ಕುಡಿತ ಬಿಟ್ಟವನಿಗೆ ಮದುವೆ, ಸಂಗಾತಿ, ಸಂಜೆ ಮನೆಗೆ ಬಂದಾಗ ಬಾಗಿಲು ತೆಗೆಯುವ ಒಬ್ಬರು, ಎಲ್ಲ ಉಳಿಯುತ್ತವೆ, ಇನ್ನೂ ಚೆನ್ನಾಗುತ್ತವೆ. ಇಲ್ಲಿ ಬಿಡು ಅನ್ನುವುದು ಅದನ್ನೇ. ಬೋಧನೆಯನ್ನು ನಂಬುವವರು ಕೂಡ ಈ ಭಾರವನ್ನು ಸಣ್ಣದು ಮಾಡಿ ಹೇಳಬಾರದು ಅಂತ ನನಗೆ ಬಲವಾಗಿ ಅನಿಸುತ್ತದೆ.

ಈಗ ಆ ಬೋಧಕರ ಮಾತಿಗೆ ಬನ್ನಿ, ಇದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಿ. ‘ಈ ಕ್ರಿಯೆ ಪಾಪ’: ಇದು ಬೋಧನೆ. ‘ಈ ಒಲವು ಇರುವವನೇ ಪಾಪಿ’: ಇದು ಬೋಧನೆಯಲ್ಲಿ ಇಲ್ಲ. ‘ಅವನು ಇದ್ದರೆ ಮನೆಗೆ ಶಾಪ’: ಇದನ್ನು 2358 ನೇರವಾಗಿ ತಡೆಯುತ್ತದೆ. ಒಂದೇ ಉಸಿರಿನಲ್ಲಿ ಅವರು ಒಂದರಿಂದ ಮೂರಕ್ಕೆ ಹಾರಿದರು. ‘ಸಲಿಂಗಕಾಮ’ ಅನ್ನುವ ಒಂದೇ ಪದ ಇದ್ದದ್ದರಿಂದ ಕೂತ ನಮಗ್ಯಾರಿಗೂ ಆ ಹಾರಿಕೆ ಕಾಣಲಿಲ್ಲ. ಅಲ್ಲಿ ನಾನೂ ಸುಮ್ನೆ ಕೂತಿದ್ದೆ, ‘ಆಮೆನ್’ ಅಂದೆ ಕೂಡ.

ಸಭೆಗಳು ಒಂದೇ ಮಾತು ಹೇಳುವುದಿಲ್ಲ

ಉತ್ತರದಲ್ಲಿ ‘ಕ್ರೈಸ್ತರ ನಿಲುವು’ ಅಂತ ಏಕವಚನದಲ್ಲಿ ಬರೆದರೆ ಅಂಕ ಹೋಗುತ್ತದೆ. ಆಂಗ್ಲಿಕನ್ ಬಿಷಪ್‌ಗಳ 1998ರ ಲ್ಯಾಂಬೆತ್ ಸಮ್ಮೇಳನ ಸಲಿಂಗ ಕ್ರಿಯೆ ಧರ್ಮಗ್ರಂಥಕ್ಕೆ ಹೊಂದುವುದಿಲ್ಲ ಅಂದಿತು, ಅದೇ ನಿರ್ಣಯದಲ್ಲಿ ಸಲಿಂಗಿಗಳ ಅನುಭವ ಕೇಳಿಸಿಕೊಳ್ಳುತ್ತೇವೆ ಅಂತಲೂ ಹೇಳಿತು. ಸ್ವೀಡನ್ನಿನ ಲೂಥರನ್ ಸಭೆ 2009ರಿಂದ ಸಲಿಂಗ ಮದುವೆ ಮಾಡಿಸುತ್ತಿದೆ. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆ 1972ರಲ್ಲಿ ಸೇರಿಸಿದ್ದ ಖಂಡನೆಯ ವಾಕ್ಯವನ್ನು 2024ರಲ್ಲಿ ತೆಗೆಯಿತು. ಪೋಪ್ ಫ್ರಾನ್ಸಿಸ್ 2023ರ ಜನವರಿಯಲ್ಲಿ ‘ಸಲಿಂಗಿಯಾಗಿರುವುದು ಅಪರಾಧ ಅಲ್ಲ’ ಅಂದರು. ಆ ವರ್ಷದ ಡಿಸೆಂಬರಿನಲ್ಲಿ, ಮದುವೆಯ ಬೋಧನೆ ಬದಲಿಸದೆ, ಸಲಿಂಗ ಜೋಡಿಗಳಿಗೆ ಪೂಜಾವಿಧಿಯ ಹೊರಗೆ ಸರಳ ಆಶೀರ್ವಾದ ಕೊಡಬಹುದು ಅಂತ ವ್ಯಾಟಿಕನ್ ಹೇಳಿತು. ಆಫ್ರಿಕಾದ ಬಿಷಪ್‌ಗಳು ನಮ್ಮಲ್ಲಿ ಇದು ಬೇಡ ಅಂದರು.

ನಮ್ಮ ಕಾನೂನು

ಸಲಿಂಗ ಸಂಭೋಗವನ್ನು ಅಪರಾಧ ಮಾಡಿದ್ದ 1860ರ ದಂಡಸಂಹಿತೆಯ 377ನೇ ಕಲಂ, ಒಪ್ಪಿಗೆಯಿರುವ ವಯಸ್ಕರನ್ನು ಅದರಿಂದ ಹೊರಗಿಟ್ಟ 2009ರ ದೆಹಲಿ ಹೈಕೋರ್ಟಿನ ನಾಝ್ ತೀರ್ಪು, ಅದನ್ನು ರದ್ದು ಮಾಡಿ ಕಲಂ ಉಳಿಸಿದ ಸುಪ್ರೀಂ ಕೋರ್ಟಿನ 2013ರ ಕೌಶಲ್, ಆ ವಯಸ್ಕರನ್ನು ಮತ್ತೆ ಬಿಡಿಸಿದ 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್, ಮದುವೆಯ ಹಕ್ಕು ಕೊಡದ 2023ರ ಅಕ್ಟೋಬರ್ 17ರ ಸುಪ್ರಿಯೋ. ಈ ಸರಣಿ ಎಲ್ಲರಿಗೂ ಬಾಯಿಪಾಠ ಇರುತ್ತದೆ. ನನಗೆ ಉಪಯೋಗಕ್ಕೆ ಬಂದದ್ದು ಪಕ್ಕದ ಒಂದು ಸಂಗತಿ. ಕೆಲವು ಕ್ರೈಸ್ತ ಸಂಘಟನೆಗಳು 377 ಉಳಿಯಲಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದವು. ಆದರೆ 2013ರ ತೀರ್ಪು ಬಂದಾಗ ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್, ಧರ್ಮಸಭೆ ಸಲಿಂಗ ಮದುವೆಗೆ ವಿರೋಧ ಇದ್ದರೂ ಸಲಿಂಗಿಗಳನ್ನು ಎಂದೂ ಅಪರಾಧಿಗಳಾಗಿ ನೋಡಿಲ್ಲ ಅಂದರು. ಮದುವೆ ಒಪ್ಪುವುದಿಲ್ಲ ಅನ್ನುವುದು ಬೇರೆ, ಜೈಲಿಗೆ ಕಳಿಸಿ ಅನ್ನುವುದು ಬೇರೆ. ಈ ಒಂದು ಉದಾಹರಣೆ ಇಡೀ ಪಾಠಕ್ಕೆ ಸಾಕು.

ದ್ವೇಷದ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ, ಅಂದರೆ ಹಳೆಯ ದಂಡಸಂಹಿತೆಯ 153ಎ. ಅಲ್ಲಿ ಧರ್ಮ, ಜಾತಿ, ಭಾಷೆ ಹೆಸರು ಹಿಡಿದು ಇವೆ. ಲೈಂಗಿಕ ಒಲವಿನ ಹೆಸರು ಇಲ್ಲ, ‘ಬೇರೆ ಯಾವುದೇ ಆಧಾರ’ ಅನ್ನುವ ಮಾತು ಮಾತ್ರ ಇದೆ.

ಗೆರೆ ಎಳೆದ ಕೋರ್ಟುಗಳು

ಕೆನಡಾದ ವಾಟ್‌ಕಾಟ್ ಪ್ರಕರಣ, 2013. ಇದೊಂದನ್ನು ಚೆನ್ನಾಗಿ ಓದಿ. ಒಬ್ಬ ಕ್ರೈಸ್ತ ಪ್ರಚಾರಕ ಸಲಿಂಗಿಗಳ ವಿರುದ್ಧ ನಾಲ್ಕು ಕರಪತ್ರ ಹಂಚಿದ್ದ. ಸುಪ್ರೀಂ ಕೋರ್ಟು ನಾಲ್ಕನ್ನೂ ಒಂದೇ ಗಂಟಿಗೆ ಕಟ್ಟಲಿಲ್ಲ. ಸಲಿಂಗಿಗಳು ಮಕ್ಕಳಿಗೆ ಅಪಾಯ ಅಂತ ಬಿಂಬಿಸಿದ ಎರಡು ದ್ವೇಷ ಅಂದಿತು, ಇನ್ನೆರಡು ನೋವು ಕೊಟ್ಟರೂ ದ್ವೇಷದ ಮಟ್ಟ ಮುಟ್ಟಿಲ್ಲ ಅಂದಿತು. ಅಳತೆ ಏನು? ಮಾತು ಎಷ್ಟು ಒರಟು ಅನ್ನುವುದಲ್ಲ, ಹೇಳಿದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದೂ ಅಲ್ಲ. ಆ ಮಾತು ಸಮಾಜದಲ್ಲಿ ಆ ಗುಂಪಿನ ಸ್ಥಾನವನ್ನು ಏನು ಮಾಡುತ್ತದೆ ಅನ್ನುವುದು. ‘ನಾನು ಕ್ರಿಯೆಯನ್ನು ಟೀಕಿಸಿದೆ, ಜನರನ್ನಲ್ಲ’ ಅನ್ನುವ ನೆಪ ಎಲ್ಲ ಸಲ ನಡೆಯುವುದಿಲ್ಲ ಅಂತಲೂ ಕೋರ್ಟು ಹೇಳಿತು. ಹಾಗೆಯೇ ಧರ್ಮಗ್ರಂಥ ಓದುವುದು ತಾನಾಗಿ ದ್ವೇಷ ಆಗುವುದು ತುಂಬಾ ಅಪರೂಪ ಅಂದಿತು.

ಸ್ವೀಡನ್ನಿನ ಪಾಸ್ಟರ್ ಓಕೆ ಗ್ರೀನ್ 2003ರ ಪ್ರಸಂಗದಲ್ಲಿ ಸಲಿಂಗಕಾಮವನ್ನು ಸಮಾಜದ ಕ್ಯಾನ್ಸರ್ ಗಡ್ಡೆ ಅಂದಿದ್ದರು. ಕೆಳಗಿನ ಕೋರ್ಟು ಒಂದು ತಿಂಗಳು ಜೈಲು ವಿಧಿಸಿತು, 2005ರಲ್ಲಿ ಮೇಲ್ಮನವಿ ಕೋರ್ಟು ಖುಲಾಸೆ ಮಾಡಿತು, ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಖುಲಾಸೆ ಆಯಿತು ಅಂದರೆ ಮಾತು ಒಳ್ಳೆಯದು ಅಂತಲ್ಲ. ಕಾನೂನಿನ ಗೆರೆ ಬೇರೆ, ಇಗರ್ಜಿಯ ಬೆಂಚಿನಲ್ಲಿ ಕೂತವನ ಎದೆಯ ಗೆರೆ ಬೇರೆ.

ಬೆಲ್‌ಫಾಸ್ಟ್‌ನ ಆಶರ್ಸ್ ಬೇಕರಿಯ ತೀರ್ಪು 2018ರದ್ದು. ಸಲಿಂಗ ಮದುವೆ ಬೆಂಬಲಿಸುವ ಬರಹದ ಕೇಕ್ ಮಾಡಿಕೊಡಲು ಕ್ರೈಸ್ತ ಮಾಲೀಕರು ಒಪ್ಪಲಿಲ್ಲ. ಅವರು ನಿರಾಕರಿಸಿದ್ದು ಬರಹವನ್ನು, ಗಿರಾಕಿಯನ್ನಲ್ಲ ಅಂತ ಬ್ರಿಟನ್ನಿನ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅದೇ ಬೇಕರಿ, ಬರಹ ಇಲ್ಲದ ಕೇಕನ್ನೂ ಸಲಿಂಗಿ ಅನ್ನುವ ಕಾರಣಕ್ಕೆ ಕೊಡದಿದ್ದರೆ ಕಥೆ ಬೇರೆ.

ನನ್ನ ಕಾಲುದಾರಿ: ‘ಅನ್ನು’ ಪರೀಕ್ಷೆ

ಆಶರ್ಸ್ ಓದುವಾಗ ಹೈಸ್ಕೂಲಿನ ವ್ಯಾಕರಣ ನೆನಪಾಯಿತು. ದ್ವಿತೀಯಾ ವಿಭಕ್ತಿ, ‘ಅನ್ನು’. ವಾಕ್ಯದಲ್ಲಿ ‘ಅನ್ನು’ ಯಾವುದಕ್ಕೆ ಅಂಟಿದೆ ನೋಡಿ. ‘ಆ ಮಾತನ್ನು ಒಪ್ಪುವುದಿಲ್ಲ’, ‘ಆ ಮದುವೆಯನ್ನು ನಮ್ಮ ಇಗರ್ಜಿಯಲ್ಲಿ ಮಾಡಿಸುವುದಿಲ್ಲ’: ಸಂಗತಿಗೆ ಅಂಟಿದೆ, ಭಿನ್ನಾಭಿಪ್ರಾಯ. ‘ಅವರನ್ನು ಓಡಿಸಿ’, ‘ಅವನನ್ನು ಮಾತಾಡಿಸಬೇಡಿ’: ಮನುಷ್ಯನಿಗೆ ಅಂಟಿದೆ, ಹುಷಾರು. ನನಗೆ ಭಾರೀ ಖುಷಿಯಾಯಿತು, ಗುಂಪಿನಲ್ಲಿ ಹೇಳಿದೆ.

ಶಿರಸಿಯವಳು ಎರಡೇ ನಿಮಿಷದಲ್ಲಿ ಮೂರು ತೂತು ಹುಡುಕಿದಳು. ಒಂದು, ‘ಅವರಿಗೆ ಬಾಡಿಗೆ ಮನೆ ಕೊಡಬೇಡಿ’. ಇಲ್ಲಿ ‘ಅನ್ನು’ ಇಲ್ಲ, ‘ಗೆ’ ಇದೆ, ಚತುರ್ಥಿ. ಕನ್ನಡದಲ್ಲಿ ಕಿತ್ತುಕೊಳ್ಳುವ ಮಾತು ಜಾಸ್ತಿ ಬರುವುದು ‘ಗೆ’ ಹಿಡಿದೇ. ಎರಡು, ‘ಅವರು ಮಕ್ಕಳಿಗೆ ಅಪಾಯ’. ಇಲ್ಲಿ ಮನುಷ್ಯರು ಕರ್ತೃವಿನ ಜಾಗದಲ್ಲಿದ್ದಾರೆ, ಕೆನಡಾದ ಕರಪತ್ರದ ಹಾಗೆ. ಮೂರನೆಯದು ಕಷ್ಟದ್ದು, ‘ಅವನನ್ನು ಪ್ರೀತಿಸುತ್ತೇವೆ, ಅದಕ್ಕೇ ಅವನನ್ನು ಸರಿಮಾಡಿಸುತ್ತೇವೆ’. ‘ಅನ್ನು’ ಇದೆ, ಪ್ರೀತಿಯೂ ಇದೆ. ಆದರೆ ಪ್ರಾರ್ಥನೆ, ಆಪ್ತ ಸಲಹೆ ಅಂತ ಒಲವು ಬದಲಿಸಲು ಹೊರಟ ಅಮೆರಿಕದ ಎಕ್ಸೋಡಸ್ ಇಂಟರ್‌ನ್ಯಾಷನಲ್ 1976ರಲ್ಲಿ ಶುರುವಾಗಿ, 2013ರಲ್ಲಿ ಮುಖ್ಯಸ್ಥರೇ ಕ್ಷಮೆ ಕೇಳಿ ಬಾಗಿಲು ಹಾಕಿತು. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ‘ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಅಂದಿದೆ. ಇಲ್ಲಿ ದ್ವೇಷ ಇರಲಿಲ್ಲ, ಗಾಯ ಮಾತ್ರ ಇತ್ತು.

ಹಾಗಾಗಿ ಪರೀಕ್ಷೆಯನ್ನು ತಿದ್ದಿದೆ. ವಿಭಕ್ತಿ ನೋಡಿ ಮನುಷ್ಯ ವಾಕ್ಯದಲ್ಲಿ ಎಲ್ಲಿದ್ದಾನೆ ಅಂತ ಹುಡುಕಿ, ಆಮೇಲೆ ಒಂದೇ ಪ್ರಶ್ನೆ ಕೇಳಿ: ಈ ಮಾತು ನಡೆದುಹೋದರೆ ಅವನ ಕೈಯಿಂದ ಏನು ಹೋಗುತ್ತದೆ? ಮನೆ, ಕೆಲಸ, ಊಟದ ಪಂಕ್ತಿ, ಮೈಮೇಲಿನ ಸುರಕ್ಷೆ, ಇವುಗಳಲ್ಲಿ ಒಂದು ಹೋದರೂ ಅದು ಬರೀ ಭಿನ್ನಾಭಿಪ್ರಾಯ ಅಲ್ಲ. ಏನೂ ಹೋಗುವುದಿಲ್ಲ, ನಮ್ಮಿಬ್ಬರ ನಂಬಿಕೆ ಬೇರೆ ಅಷ್ಟೇ ಅಂದರೆ ಆ ಮಾತಿಗೆ ಜಾಗ ಇರಬೇಕು. ನಂಬಿಕೆಯ ಮಾತನ್ನೆಲ್ಲ ದ್ವೇಷ ಅಂತ ಕರೆದರೆ ನಿಜವಾದ ದ್ವೇಷ ಬಂದಾಗ ಹೇಳಲು ನಮ್ಮ ಹತ್ತಿರ ಪದ ಉಳಿಯುವುದಿಲ್ಲ.

ಅಭ್ಯಾಸಕ್ಕೆ ಆರು ವಾಕ್ಯ ಬರೆದುಕೊಂಡು, ನೋಟ್‌ಬುಕ್‌ನಲ್ಲಿ ಎರಡು ಕಾಲಂ ಮಾಡಿ, ಎಡಗಡೆ ಏನೋ ಕಿತ್ತುಕೊಳ್ಳುವ ಮಾತು, ಬಲಗಡೆ ಬರೀ ಭಿನ್ನಾಭಿಪ್ರಾಯ ಅಂತ ಹಂಚಿದೆವು. ಐದು ಬೇಗ ಕೂತವು. ಆರನೆಯದು ಮಾವ್ಶಿ ಕಳೆದ ತಿಂಗಳು ಅಮ್ಮನ ಹತ್ತಿರ ಹೇಳಿದ್ದು. ‘ಹಬ್ಬಕ್ಕೆ ಮಗ ಬರಲಿ, ಅವನ ಕೋಣೆ ಹಾಗೇ ಇಟ್ಟಿದ್ದೇನೆ, ಆ ಹುಡುಗನನ್ನು ಮಾತ್ರ ಕರಕೊಂಡು ಬರುವುದು ಬೇಡ.’ ಗೆಳತಿ ಎಡಗಡೆ ಬರಿ ಅಂದಳು, ಒಂದು ಬಾಗಿಲು ಮುಚ್ಚಿದೆ ಅಂತ. ನಾನು ಬಲಗಡೆ ಅಂದೆ, ಇನ್ನೊಂದು ತೆಗೆದಿದೆ ಅಂತ. ಅರ್ಧ ಗಂಟೆ ವಾದ ಮಾಡಿದೆವು, ಇಬ್ಬರೂ ಸೋಲಲಿಲ್ಲ. ಕೊನೆಗೆ ಆ ವಾಕ್ಯವನ್ನು ಎರಡು ಕಾಲಂಗಳ ನಡುವಿನ ಗೆರೆಯ ಮೇಲೆಯೇ, ಸಣ್ಣ ಅಕ್ಷರದಲ್ಲಿ, ಉದ್ದಕ್ಕೆ ಬರೆದೆ.